ಟೆಂಟ್: ಬಾಡಿಗೆಗೋ, ಸ್ವಂತಕ್ಕೋ?

ಮನೆಮಂದಿಯೆಲ್ಲಾ ಮೊದಲ ಸಲ ಕ್ಯಾಂಪಿಂಗ್ ಹೊರಟಿದ್ದೀರಾ? ಹಾಗಾದರೆ ಟೆಂಟ್ ಬಾಡಿಗೆಗೇ ತೆಗೆದುಕೊಳ್ಳಿ. ಮಕ್ಕಳಿಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮುಂಚೆ ಸುಮ್ನೆ ದುಡ್ಡು ಸುರಿಯುವುದು ಯಾಕೆ, ಅಲ್ವಾ? ತರುವ ಮೊದಲು ಬಿಚ್ಚಿ ನೋಡಿ: ಜಿಪ್ ಸರಾಗವಾಗಿ ಓಡಬೇಕು, ಗೂಟಗಳ ಲೆಕ್ಕ ಸರಿಯಿರಬೇಕು.

ಆಗಾಗ ಹೋಗುವವರಿಗೆ ಕೊಳ್ಳುವುದೇ ಲಾಭ. ಟೆಂಟಿನ ಬೆಲೆಯನ್ನು ಒಂದು ಟ್ರಿಪ್ಪಿನ ಬಾಡಿಗೆಯಿಂದ ಭಾಗಿಸಿ. 5 ಬಂದರೆ, ಆರನೇ ಟ್ರಿಪ್ಪಿನಿಂದ ಉಳಿತಾಯ ಶುರು. ‘4 ಜನರ ಟೆಂಟ್’ ಅಂದರೆ ನಾಲ್ವರು ಒತ್ತೊತ್ತಾಗಿ ಮಲಗುವಷ್ಟೇ ಜಾಗ, ಬ್ಯಾಗು ಹೊರಗೇ. ಹಾಗಾಗಿ ನಾಲ್ವರಿಗೆ 6 ಜನರದ್ದೇ ವಾಸಿ. ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿದು ಅಷ್ಟೂ ದುಡ್ಡು ಹಾಳಾಗುತ್ತದೆ. ಮನೆಗೆ ಬಂದ ದಿನವೇ ಹರವಿ ಒಣಗಿಸಿ.

ಹೊದಿಕೆಯನ್ನು ಬಾಡಿಗೆಗೆ ತರುವುದೂ ಬೇಡ, ಕೊಳ್ಳುವುದೂ ಬೇಡ. ಚಳಿ ಜಾಸ್ತಿ ಇಲ್ಲದಿದ್ದರೆ ಮನೆಯ ಕಂಬಳಿಯೇ ಸಾಕು.