ಕಲ್ಯಾಣದ ಕತೆಗೆ ಯಾವ ನಾಟಕ: ‘ಸಂಕ್ರಾಂತಿ’ಯೋ ‘ತಲೆದಂಡ’ವೋ?

ಬಳ್ಳಾರಿಯ ಹುಡುಗರ ತಂಡವೊಂದಕ್ಕೆ ರಾಘವ ಕಲಾಮಂದಿರದಲ್ಲಿ ಬಸವಣ್ಣನ ಕಾಲದ ಕಲ್ಯಾಣದ ಶರಣರ ಕತೆ ಆಡುವ ಆಸೆ. ಲಂಕೇಶರ ‘ಸಂಕ್ರಾಂತಿ’ (1971) ಆಗಬಹುದಾ, ಕಾರ್ನಾಡರ ‘ತಲೆದಂಡ’ (1990) ಆಗಬಹುದಾ ಅಂತ ಕೇಳಿದರು. ನಾನೂ ನಾಟಕ ಬರೆಯುವವನೇ. ಎರಡನ್ನೂ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ, ಸುಳ್ಳೇಕೆ ಹೇಳಲಿ.

‘ತಲೆದಂಡ’ದ ಹರವು ದೊಡ್ಡದು. ಮಂಡಲ್ ವರದಿಯ ಮೀಸಲಾತಿ, ಅಯೋಧ್ಯೆಯ ಮಂದಿರದ ಗಲಾಟೆಯ ಕಾಲದ ನಾಟಕ, ಬಿಸಿ ಇನ್ನೂ ಆರಿಲ್ಲ. ಕಲ್ಯಾಣದ ದೊರೆ ಬಿಜ್ಜಳನ ಪಾತ್ರ ಸಿಕ್ಕ ನಟ ಪುಣ್ಯವಂತ. ಸಿಂಹಾಸನದ ಮೇಲೆ ಕೂತರೂ ಕ್ಷೌರಿಕ ಕುಲದವನೆಂಬ ಮುಳ್ಳು ಅವನನ್ನು ಚುಚ್ಚುತ್ತಲೇ ಇರುತ್ತದೆ. ಆದರೆ ಪಾತ್ರಗಳು ಜಾಸ್ತಿ, ವೇಷಭೂಷಣದ ಖರ್ಚೂ ಜಾಸ್ತಿ.

‘ಸಂಕ್ರಾಂತಿ’ಯ ಕಣ್ಣು ಬೇರೆ ಕಡೆ. ಇಲ್ಲಿ ದಲಿತರ ಕೇರಿಯ ಹುಡುಗ ರುದ್ರ ಶರಣನಾಗುತ್ತಾನೆ. ಮಾತು ನಯವಾಗುತ್ತದೆ, ನಡೆ ಬದಲಾಗುತ್ತದೆ. ಅವನನ್ನು ಪ್ರೀತಿಸಿದ ಬ್ರಾಹ್ಮಣರ ಉಷಾಗೆ ಬೇಕಿದ್ದದ್ದು ಆ ಹಳೆಯ ಒರಟು ರುದ್ರ! ಅಪ್ಪ ಉಜ್ಜನಿಗೂ ಈ ಹೊಸ ಮಡಿ ಸೇರುವುದಿಲ್ಲ. ಒಳ್ಳೆಯ ಬದಲಾವಣೆ ಕೂಡ ಮನುಷ್ಯನಿಂದ ಏನನ್ನೋ ಕಿತ್ತುಕೊಳ್ಳುತ್ತದೆ ಅಂತ ಇಷ್ಟು ನಿಷ್ಠುರವಾಗಿ ಬರೆಯಲು ಧೈರ್ಯ ಬೇಕು, ಅಲ್ವಾ?

ಜನ, ದುಡ್ಡು ಎರಡೂ ಇದ್ದರೆ ‘ತಲೆದಂಡ’ ಹಿಡಿಯಿರಿ. ಹೊಸಬರ ತಂಡಕ್ಕೆ ನನ್ನ ಓಟು ‘ಸಂಕ್ರಾಂತಿ’ಗೆ. ಉಜ್ಜನ ಪಾತ್ರಕ್ಕೆ ಮಾತ್ರ ಸುಮ್ನೆ ಯಾರನ್ನೋ ನಿಲ್ಲಿಸಬೇಡಿ. ಹಳ್ಳಿಯ ದೊಡ್ಡಾಟದಲ್ಲಿ ಪಳಗಿದ ಹಿರಿಯರೊಬ್ಬರನ್ನು ಮೊದಲು ಒಪ್ಪಿಸಿ, ಆಮೇಲೆ ತಾಲೀಮು ಶುರು ಮಾಡಿ.