ಆರು ಭಾನುವಾರ, ಎರಡು ಲೋಕ: ಧಾರವಾಡದ ಒಂದು ಕಲಾ ಶಿಬಿರ

ಸಪ್ತಾಪುರದ ಪುಟ್ಟ ಸಭಾಂಗಣವೊಂದರಲ್ಲಿ ಆರು ಭಾನುವಾರ ನಡೆದ ಶಿಬಿರಕ್ಕೆ 1,200 ರೂಪಾಯಿ ಕೊಟ್ಟು ಸೇರಿದ್ದೆ. ಪ್ರಾಚೀನ ಗ್ರೀಕರ ಹಾಗೂ ಆರಂಭಿಕ ಕ್ರೈಸ್ತರ ಕಲೆ ಮತ್ತು ವಾಸ್ತುಶಿಲ್ಪ ಅದರ ವಿಷಯ. ಲಕ್ಕುಂಡಿ, ಡಂಬಳಗಳ ಗುಡಿಗಳನ್ನು ಚಿಕ್ಕಂದಿನಿಂದ ನೋಡುತ್ತ ಬಂದವರಿಗೆ ಇಂಥದೊಂದು ಪಾಠ ಕನ್ನಡದಲ್ಲಿಯೇ ಸಿಗುವುದು ಅಪರೂಪ. ಆ ಹಣಕ್ಕೆ ಮೋಸವಾಗಲಿಲ್ಲ.

ಮೊದಲ ಎರಡು ವಾರ ಅಥೆನ್ಸಿನ ಪಾರ್ಥೆನಾನ್ ಒಂದಕ್ಕೇ ಮೀಸಲಾಗಿದ್ದವು. ಕ್ರಿ.ಪೂ. 447ರಲ್ಲಿ ಕಟ್ಟಲು ತೊಡಗಿದ ಈ ಗುಡಿಯ ಮುಂಭಾಗದಲ್ಲಿ 8, ಬದಿಯಲ್ಲಿ 17 ಕಂಬಗಳಿವೆ ಎಂದು ಎಣಿಸಿ ಮುಗಿಸಿಬಿಡಬಹುದಿತ್ತು. ಉಪನ್ಯಾಸಕರು ಹಾಗೆ ಮಾಡದೆ, ನೇರವೆಂದು ಕಾಣುವ ಆ ಕಂಬಗಳು ತುಸು ಉಬ್ಬಿರುವುದನ್ನೂ, ಸಮತಟ್ಟೆಂದು ಕಾಣುವ ಜಗಲಿ ಉದ್ದನೆಯ ಬದಿಯ ನಡುವೆ ಸುಮಾರು 11 ಸೆಂ.ಮೀ. ಮೇಲೆದ್ದಿರುವುದನ್ನೂ ನಕ್ಷೆಯ ಮೇಲೆ ದಾರ ಹಿಡಿದು ತೋರಿಸಿದರು. ಬಲಿಪೀಠ ಹೊರಗಿತ್ತು, ಜನ ಸೇರುತ್ತಿದ್ದುದೂ ಹೊರಗೇ, ಒಳಗಿದ್ದುದು ಅಥೀನಾ ದೇವಿಯ ಮೂರ್ತಿ. ಆದ್ದರಿಂದಲೇ ಶಿಲ್ಪಿಯ ಶ್ರಮವೆಲ್ಲ ಹೊರಮೈಗೆ ಸಂದಿತೆಂಬ ಅವರ ಮಾತು ಮುಂದಿನ ಎಲ್ಲ ಪಾಠಗಳಿಗೂ ಕೀಲಿಯಾಯಿತು.

ಏಕೆಂದರೆ ಕ್ರೈಸ್ತರಿಗೆ ಬೇಕಾಗಿದ್ದುದು ಸಭೆ ಸೇರುವ ಒಳಜಾಗ. ನ್ಯಾಯ ಮತ್ತು ವ್ಯಾಪಾರಗಳಿಗೆಂದು ರೋಮನ್ನರು ಕಟ್ಟುತ್ತಿದ್ದ ಬೆಸಿಲಿಕಾ ಎಂಬ ಉದ್ದನೆಯ ಪಡಸಾಲೆಯನ್ನೇ ಅವರು ಆರಿಸಿಕೊಂಡರು. ಐದನೆಯ ಶತಮಾನದಲ್ಲಿ ಎದ್ದ ರೋಮಿನ ಸಾಂತಾ ಸಬೀನಾ ಚರ್ಚಿನ ಹೊರಗೋಡೆ ಬರೀ ಇಟ್ಟಿಗೆಯದು, ಒಳಗೆ ಮಾತ್ರ ಹಳೆಯ ಕಟ್ಟಡದಿಂದ ತಂದ, ತಲೆಯಲ್ಲಿ ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಕಂಬಗಳ ಸಾಲು. ಪಾರ್ಥೆನಾನ್ ಮತ್ತು ಈ ಚರ್ಚಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಗುಡಿಯನ್ನೇ ಒಳಹೊರಗು ಮಗುಚಿ ಹಾಕಿದಂತೆ ನನಗೆ ಕಂಡಿತು.

ನಾಲ್ಕನೆಯ ಭಾನುವಾರದ್ದು ಇಡೀ ಶಿಬಿರದ ಶಿಖರ. ಕ್ರಿ.ಶ. 532ರಿಂದ 537ರೊಳಗೆ ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಥೆಮಿಯಸ್ ಮತ್ತು ಇಸಿಡೋರ್ ಕಟ್ಟಿದ ಹಾಗಿಯಾ ಸೋಫಿಯಾ ಚರ್ಚಿನಲ್ಲಿ ಸುಮಾರು 31 ಮೀಟರ್ ಅಗಲದ ದುಂಡನೆಯ ಗುಮ್ಮಟ ಚೌಕದ ಮೇಲೆ ಕುಳಿತದ್ದು ಹೇಗೆಂಬುದನ್ನು ಅವರು ಕಲ್ಲಂಗಡಿ ಹಣ್ಣಿನಿಂದ ತಿಳಿಸಿದರು. ಅರ್ಧ ಹೋಳನ್ನು ಬೋರಲಿಟ್ಟು, ನಾಲ್ಕು ಬದಿಗಳನ್ನು ನೇರವಾಗಿ ಕೊಯ್ದು, ನೆತ್ತಿಯನ್ನು ಅಡ್ಡಲಾಗಿ ಕತ್ತರಿಸಿ ತೆಗೆದಾಗ ಮೂಲೆಗಳಲ್ಲಿ ಉಳಿದ ನಾಲ್ಕು ಬಾಗಿದ ತ್ರಿಕೋನಗಳೇ ಪೆಂಡೆಂಟಿವ್‌ಗಳು. ಗುಮ್ಮಟದ ಭಾರವನ್ನು ಹೊತ್ತು ಕೆಳಗಿನ ದಪ್ಪ ಕಂಬಗಳಿಗೆ ಇಳಿಸುವವು ಅವೇ. ಮೊದಲ ಗುಮ್ಮಟ 558ರಲ್ಲಿ ಕುಸಿಯಿತು. ಮತ್ತೆ ಕಟ್ಟುವಾಗ ಅದನ್ನು ಇನ್ನಷ್ಟು ಎತ್ತರಿಸಿದರು, ಎತ್ತರ ಹೆಚ್ಚಿದಷ್ಟೂ ಹೊರಕ್ಕೆ ತಳ್ಳುವ ಒತ್ತಡ ಕಡಿಮೆಯಾಗುತ್ತದೆ. ನಮ್ಮ ಕಲ್ಯಾಣ ಚಾಲುಕ್ಯರ ಗುಡಿಗಳ ಭುವನೇಶ್ವರಿಯಲ್ಲಿ, ಅಂದರೆ ಮಂಟಪದ ನಡುವಣ ಕೆತ್ತಿದ ಒಳಛಾವಣಿಯಲ್ಲಿ, ಮೂಲೆಗಳಿಗೆ ಓರೆಗಲ್ಲು ಹಾಸಿ ಚೌಕವನ್ನು ಕಿರಿದುಗೊಳಿಸುತ್ತ ಹೋಗುವುದೂ ಮೂಲೆಗಳದೇ ತೊಡಕಿಗೆ ಕಂಡುಕೊಂಡ ಬೇರೊಂದು ಪರಿಹಾರವೆಂದು ಆ ದಿನ ಹೊಳೆಯಿತು.

ಐದನೆಯ ವಾರ ನಿರಾಸೆಯಾಯಿತು. ಇಟಲಿಯ ರವೆನ್ನಾದ ಸಾನ್ ವಿಟಾಲೆ ಚರ್ಚಿನಲ್ಲಿರುವ, ಗಾಜು ಕಲ್ಲುಗಳ ಸಣ್ಣ ತುಣುಕು ಜೋಡಿಸಿ ಮಾಡಿದ, ಚಕ್ರವರ್ತಿ ಜಸ್ಟಿನಿಯನ್ ಹಾಗೂ ರಾಣಿ ಥಿಯೊಡೋರಾರ ಮೊಸಾಯಿಕ್‌ಗಳು ಮಂಕಾದ ಪ್ರೊಜೆಕ್ಟರಿನಲ್ಲಿ ಬೂದು ಹಳದಿಯಾಗಿ ಕಂಡವು. ಮಾತೂ ಆಸ್ಥಾನದ ಕಥೆಯಲ್ಲೇ ಉಳಿಯಿತು. ಚಿನ್ನದ ರೇಕನ್ನು ಗಾಜಿನ ನಡುವೆ ಇಟ್ಟು, ಆ ತುಣುಕುಗಳನ್ನು ಗಾರೆಯಲ್ಲಿ ತುಸು ಓರೆಯಾಗಿ ನೆಟ್ಟು ಬೆಳಕು ಮಿನುಗುವಂತೆ ಮಾಡುವ ಕುಶಲತೆಯ ಬಗ್ಗೆ ಒಂದು ಮಾತೂ ಬರಲಿಲ್ಲ. ಕಲೆಯ ಪಾಠದಲ್ಲಿ ಇದು ಸಣ್ಣ ಲೋಪವಲ್ಲ.

ಕೊನೆಯ ಭಾನುವಾರ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಕರೆದೊಯ್ದರು. ಬಳಪದ ಕಲ್ಲನ್ನು ತಿರುಗಣೆಗೆ ಹಚ್ಚಿ ಕಡೆದ ಆ ಕಂಬಗಳನ್ನು ಎಷ್ಟೋ ಸಲ ನೋಡಿದ್ದೆ. ಈ ಸಲ ಒಂದೇ ಕಂಬದ ಮುಂದೆ ಅರ್ಧ ಗಂಟೆ ನಿಂತೆ. ಮುಂದಿನ ತಂಡಕ್ಕೆ ಸೇರುವವರು ಮುಂದಿನ ಸಾಲಿನಲ್ಲಿ ಕೂಡಬೇಕು. ನಕ್ಷೆಗಳ ಮೇಲಿನ ಅಕ್ಷರ ಬಹಳ ಸಣ್ಣದು.