12 ಅಡಿ, 18 ಅಡಿ, 25 ಅಡಿ: ಜಿಂಕೆ ಬೇಟೆಗೆ ಮರದ ಮೇಲೆ ಎಷ್ಟು ಎತ್ತರದಲ್ಲಿ ಕೂರಬೇಕು?

ಮೂರು ಸೀಸನ್, ಮೂರು ಎತ್ತರ. ಮೊದಲ ವರ್ಷ 12 ಅಡಿ, ಎರಡನೇ ವರ್ಷ 25, ಹೋದ ವರ್ಷ 18. ಹೊಸದಾಗಿ ಲೈಸೆನ್ಸ್ ಮಾಡಿಸಿದ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇದನ್ನೇ ಕೇಳುತ್ತಾರೆ, ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಜಾಗ ಅಮೆರಿಕದ ವಿಸ್ಕಾನ್ಸಿನ್‌ನ ನೈಋತ್ಯ ಭಾಗ. ಹಿಮಯುಗದ ಹಿಮನದಿಗಳು ಈ ಕಡೆ ಹಾಯಲಿಲ್ಲ, ಹಾಗಾಗಿ ನೆಲ ಸಪಾಟಾಗಲಿಲ್ಲ. ಎಲ್ಲಿ ನೋಡಿದರೂ ಕಡಿದಾದ ಗುಡ್ಡ, ನಡುವೆ ಕಣಿವೆ. ಡ್ರಿಫ್ಟ್‌ಲೆಸ್ ಅಂತ ಕರೆಯುತ್ತಾರೆ. ಗುಡ್ಡದ ನೆತ್ತಿಯಲ್ಲಿ ಮುಸುಕಿನ ಜೋಳ, ಸೋಯಾ. ಇಳಿಜಾರಿನಲ್ಲಿ ಓಕ್ ಮತ್ತು ಮೇಪಲ್ ಕಾಡು. ಪರಿಚಯದ ರೈತರೊಬ್ಬರು ಅವರ ಜಮೀನಿನಲ್ಲಿ ಕೂರಲು ಒಪ್ಪಿಗೆ ಕೊಟ್ಟಿದ್ದಾರೆ. ನನ್ನದು ಹೆಚ್ಚಾಗಿ ಬಿಲ್ಲು, ರಾಟೆಗಳಿರುವ ಕಾಂಪೌಂಡ್ ಬಿಲ್ಲು.

ಊರಲ್ಲಿ ಇದನ್ನು ಓದುವವರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಇಲ್ಲಿ ವೈಟ್‌ಟೇಲ್ ಜಿಂಕೆಗಳು ತುಂಬಾ ಜಾಸ್ತಿ, ರಾಜ್ಯವೇ ಲೈಸೆನ್ಸ್ ಮತ್ತು ಟ್ಯಾಗ್ ಕೊಟ್ಟು ಬೇಟೆಗೆ ಬಿಡುತ್ತದೆ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಮೊದಲು ಸುರಕ್ಷತೆಯ ಕೋರ್ಸ್ ಪಾಸಾಗಬೇಕು. ನಮ್ಮಜ್ಜ ಭತ್ತದ ಗದ್ದೆಗೆ ಹಂದಿ ನುಗ್ಗದ ಹಾಗೆ ಕಾಯಲು ಬಿದಿರಿನ ಅಟ್ಟಣೆ ಕಟ್ಟುತ್ತಿದ್ದರು. ಅಲ್ಲಿ ಮನುಷ್ಯ ಇದ್ದಾನೆ ಅಂತ ಹಂದಿಗೆ ಗೊತ್ತಾಗಬೇಕು, ಕೂಗಬೇಕು, ಡಬ್ಬ ಬಡಿಯಬೇಕು. ಇಲ್ಲಿನ ಅಟ್ಟಣೆ ಅದಕ್ಕೆ ಪೂರ್ತಿ ಉಲ್ಟಾ.

ಮೊದಲು 12 ಅಡಿ. ಏಣಿ ಮತ್ತು ಸೀಟು ಸೇರಿಕೊಂಡೇ ಬರುವ ಸ್ಟ್ಯಾಂಡ್, ಮರಕ್ಕೆ ಒರಗಿಸಿ ಪಟ್ಟಿಯಿಂದ ಬಿಗಿದರೆ ಆಯಿತು. ಹತ್ತುವುದು ಸುಲಭ, ಅಲ್ಲಾಡುವುದಿಲ್ಲ, ಬಾಣ ಬಿಡುವ ಕೋನ ಹೆಚ್ಚುಕಡಿಮೆ ನೆಲದ ಮೇಲೆ ನಿಂತು ಬಿಟ್ಟ ಹಾಗೇ ಇರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಎಲೆ ದಟ್ಟವಾಗಿದ್ದಾಗ ನನಗೆ ಏನೂ ತೊಂದರೆ ಆಗಲಿಲ್ಲ. ಅಕ್ಟೋಬರ್ ಕೊನೆಗೆ ಮೇಪಲ್ ಎಲೆಯೆಲ್ಲ ಉದುರಿತು ನೋಡಿ, ಕಥೆ ಬದಲಾಯಿತು. ಮರಿಗಳ ಜೊತೆ ಬಂದ ಒಂದು ದೊಡ್ಡ ಹೆಣ್ಣು ಜಿಂಕೆ ಸುಮಾರು 25 ಗಜ ದೂರದಲ್ಲಿ ನಿಂತು ನೇರ ನನ್ನ ಮುಖ ನೋಡಿತು. ನಾನು ಬಿಲ್ಲಿಗೆ ಕೈ ಹಾಕಿದ್ದೆ, ಅಷ್ಟೇ. ಮುಂಗಾಲು ನೆಲಕ್ಕೆ ಬಡಿಯಿತು, ತಲೆ ಕೆಳಗೆ ಮಾಡಿದ ಹಾಗೆ ಮಾಡಿ ಥಟ್ಟನೆ ಎತ್ತಿತು, ಆಮೇಲೆ ಸೀನಿದ ಹಾಗೆ ಜೋರಾಗಿ ಉಸಿರು ಬಿಟ್ಟು, ಬಿಳಿ ಬಾಲ ಎತ್ತಿಕೊಂಡು ಮರಿಗಳ ಸಮೇತ ಓಡಿತು. ಆ ಸದ್ದಿಗೆ ಇಡೀ ಕಣಿವೆಗೆ ಸುದ್ದಿ ಹೋಗುತ್ತದೆ. ಆಮೇಲೆ ಆ ಹೆಣ್ಣು ಅದೇ ದಾರಿಯಲ್ಲಿ ಬಂದಾಗಲೆಲ್ಲ ಮೊದಲು ಆ ಮರದ ಕಡೆ ತಲೆ ಎತ್ತಿ ನೋಡುತ್ತಿತ್ತು. ಜಿಂಕೆ ಮೇಲೆ ನೋಡುವುದೇ ಇಲ್ಲ ಅನ್ನುವ ಮಾತನ್ನು ನಾನು ಅವತ್ತಿಂದ ನಂಬುವುದಿಲ್ಲ.

ಅದಕ್ಕೇ ಎರಡನೇ ವರ್ಷ 25 ಅಡಿಗೆ ಹೋದೆ. ಕ್ಲೈಂಬರ್ ಸ್ಟ್ಯಾಂಡ್, ಅಂದರೆ ಮರಕ್ಕೆ ಹಿಡಿಸಿಕೊಂಡು ಕೂತು ಎದ್ದು ಕೂತು ಎದ್ದು ಮೇಲಕ್ಕೆ ಸರಿಯುವಂಥದ್ದು. ಅದಕ್ಕೆ ಕೊಂಬೆಯೇ ಇಲ್ಲದ ನೇರ ಮರ ಬೇಕು. ತೊಂದರೆ ಇರುವುದೇ ಅಲ್ಲಿ. ಕೊಂಬೆ ಇಲ್ಲದ ಮರದಲ್ಲಿ ನಿಮ್ಮ ಹಿಂದೆ ಮರೆಯೂ ಇರುವುದಿಲ್ಲ, ಕಂಬದ ಮೇಲೆ ಕೂತ ಹಾಗೆ ಆಕಾಶಕ್ಕೆ ಎದುರಾಗಿ ಕಪ್ಪಗೆ ಕಾಣಿಸುತ್ತೀರಿ. ಹತ್ತಿರ ಬಂದ ಜಿಂಕೆಗಳು ನನ್ನನ್ನು ಗಮನಿಸಿದ್ದು ಕಡಿಮೆಯೇ, ಅದನ್ನು ಒಪ್ಪುತ್ತೇನೆ. ಆದರೆ ದೂರದಿಂದ, ಅದೂ ಮೇಲಿನ ಇಳಿಜಾರಿನಿಂದ ಬಂದವು ಬೇಗ ಗುರುತು ಹಿಡಿದವು.

ಇಳಿಜಾರಿನ ಲೆಕ್ಕ ಮೊದಲೇ ಮಾಡಬೇಕಿತ್ತು. ಮೂರು ಅಡಿಗೆ ಒಂದು ಅಡಿ ಏರುವ ಗುಡ್ಡ ಅಂದುಕೊಳ್ಳಿ. 20 ಗಜ ಅಂದರೆ 60 ಅಡಿ, ಅಷ್ಟು ದೂರದಲ್ಲಿ ನೆಲ 20 ಅಡಿ ಮೇಲಿದೆ. ನೀವು 18 ಅಡಿಯಲ್ಲಿ ಕೂತಿದ್ದರೆ ಮೇಲುಗಡೆಯ ಜಿಂಕೆ ಕಾಲಿಟ್ಟಿರುವ ನೆಲವೇ ನಿಮ್ಮ ಪಾದಕ್ಕಿಂತ ಎತ್ತರ, ಅದರ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. 25ಕ್ಕೆ ಹತ್ತಿದರೂ ಇನ್ನೊಂದಿಷ್ಟು ದೂರದಲ್ಲಿ ಮತ್ತೆ ಅದೇ ಆಗುತ್ತದೆ. ಗುಡ್ಡದಲ್ಲಿ ಎತ್ತರ ಒಂದನ್ನೇ ನಂಬಿಕೊಂಡರೆ ಸುಮ್ನೆ ಹತ್ತಿ ಇಳಿದಿದ್ದೇ ಬರುತ್ತದೆ.

ಇನ್ನೊಂದು ಲೆಕ್ಕ ಬಾಣದ ಕೋನದ್ದು. ಅದರ ಬೆಲೆ ಜಿಂಕೆ ಕೊಟ್ಟಿತು. ಅವತ್ತು ನವೆಂಬರ್ ಮೊದಲ ವಾರ, ಬೆದೆಗಾಲ, ಒಂದು ಗಂಡು ಸರಿಯಾಗಿ ನನ್ನ ಮರದ ಕೆಳಗೇ ಬಂತು, 10 ಗಜವೂ ಇಲ್ಲ. 25 ಅಡಿ ಸ್ಟ್ಯಾಂಡಿನಲ್ಲಿ ಕೂತರೆ ಬಾಣ ಹೊರಡುವುದು ಸುಮಾರು 29 ಅಡಿಯಿಂದ. 10 ಗಜದಲ್ಲಿ ಅದು 41 ಡಿಗ್ರಿ ಕೆಳಮುಖ. 15 ಅಡಿಯಲ್ಲಿ ಕೂತಿದ್ದರೆ ಅದೇ 10 ಗಜಕ್ಕೆ 29 ಡಿಗ್ರಿ ಅಷ್ಟೇ. ಕಡಿದಾದ ಕೋನದಲ್ಲಿ ಎರಡು ಶ್ವಾಸಕೋಶಗಳು ಒಂದರ ಹಿಂದೆ ಒಂದು ಸಿಗುವುದಿಲ್ಲ, ಬಾಣ ಬೆನ್ನಿನ ಹತ್ತಿರ ಒಳಗೆ ಹೋಗಿ ಒಂದನ್ನೇ ತಾಗಿ ನಿಂತುಬಿಡಬಹುದು. ನನಗೆ ಆಗಿದ್ದು ಅದೇ. ಬಾಣ ಹೊರಗೆ ಬರಲಿಲ್ಲ. ಕೆಳಗೆ ತೂತು ಇಲ್ಲದಿದ್ದರೆ ರಕ್ತ ಒಳಗೇ ತುಂಬಿಕೊಳ್ಳುತ್ತದೆ, ನೆಲದ ಮೇಲೆ ಜಾಡು ಸಿಗುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಮಂಡಿ ಊರಿ ಎಲೆ ಎಲೆ ನೋಡಿದೆವು, ಜಮೀನಿನವರೂ ಬಂದಿದ್ದರು. ಬೆಳಿಗ್ಗೆ ಮತ್ತೆ ಹೋದೆವು. ಸಿಗಲಿಲ್ಲ. ಆ ಪ್ರಾಣಿ ಎಲ್ಲೋ ನರಳಿ ಸತ್ತಿರಬೇಕು. ಈಗಲೂ ಅದು ನೆನಪಾದರೆ ಸಂಕಟ ಆಗುತ್ತದೆ. ನಾನು ಆ ಬಾಣ ಬಿಡಬಾರದಿತ್ತು, ಅದು 20 ಗಜ ಆಚೆ ಹೋಗುವವರೆಗೆ ಕಾಯಬೇಕಿತ್ತು. 20 ಗಜದಲ್ಲಿ 25 ಅಡಿಯಿಂದಲೂ ಕೋನ 24 ಡಿಗ್ರಿಗೆ ಇಳಿಯುತ್ತದೆ.

25 ಅಡಿಯ ಉಳಿದ ವಿಷಯ ಬೇಗ ಹೇಳುತ್ತೇನೆ. ಗಾಳಿ ಬೀಸಿದರೆ ಮರ ತೂಗುತ್ತದೆ, ಗುರಿ ನಿಲ್ಲುವುದಿಲ್ಲ. ಚಳಿ ಜಾಸ್ತಿ. ಕೆಳಗಿನ ಮರಗಳ ಕೊಂಬೆಗಳೇ ಬಾಣಕ್ಕೆ ಅಡ್ಡ ಬರುತ್ತವೆ.

ಹೋದ ವರ್ಷ 18 ಅಡಿ. ನಾಲ್ಕು ತುಂಡು ಏಣಿಕಡ್ಡಿ ಮತ್ತು ಮರಕ್ಕೆ ಬಿಗಿಯುವ ಚಿಕ್ಕ ಸ್ಟ್ಯಾಂಡ್. ಇದರಲ್ಲಿ ಕೊಂಬೆ ಇರುವ ಮರವನ್ನೂ ಆರಿಸಿಕೊಳ್ಳಬಹುದು, ನನಗೆ ಇದೇ ದೊಡ್ಡ ಲಾಭ. ಬುಡದಿಂದಲೇ ಎರಡಾಗಿ ಕವಲೊಡೆದ ಓಕ್ ಸಿಕ್ಕಿತು. ಓಕ್‌ಗಳಲ್ಲಿ ಕೆಲವು ನವೆಂಬರ್‌ನಲ್ಲೂ ಒಣಗಿದ ಎಲೆ ಬಿಡುವುದಿಲ್ಲ, ಬೆನ್ನ ಹಿಂದೆ ಇನ್ನೊಂದು ಕಾಂಡ, ತಲೆ ಮೇಲೆ ಕಂದು ಎಲೆ. ಅದೇ ಹೆಣ್ಣು ಜಿಂಕೆ ಇರಬೇಕು, ಎರಡು ಸಲ ಕೆಳಗೆ ಹಾದು ಹೋಯಿತು, ತಲೆ ಎತ್ತಲಿಲ್ಲ. ಆ ಸೀಸನ್‌ನಲ್ಲಿ ಬಿಟ್ಟ ಒಂದೇ ಬಾಣ 17 ಗಜಕ್ಕೆ, ಪಕ್ಕೆಯಿಂದ ಪಕ್ಕೆಗೆ ಹಾಯ್ದು ಹೊರಗೆ ಬಂತು. ಜಿಂಕೆ 60 ಗಜ ಓಡಿ ಬಿತ್ತು.

ವಾಸನೆಗೆ ಮಾತ್ರ ಮೂರು ಎತ್ತರವೂ ಅಷ್ಟಕ್ಕಷ್ಟೆ. ಎತ್ತರದಲ್ಲಿದ್ದರೆ ವಾಸನೆ ಜಿಂಕೆಯ ಮೂಗಿನ ಮೇಲಿಂದ ಹೋಗುತ್ತದೆ ಅಂತಾರೆ, ಗಾಳಿ ಒಂದೇ ಸಮ ಬೀಸುತ್ತಿದ್ದರೆ ಸ್ವಲ್ಪ ದೂರದವರೆಗೆ ಅದು ನಿಜ. ಆದರೆ ಕಣಿವೆಯಲ್ಲಿ ಸಂಜೆ ಬಿಸಿಲು ಹೋದ ಕೂಡಲೇ ತಂಪು ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ನಿಮ್ಮ ವಾಸನೆಯನ್ನೂ ಜೊತೆಗೆ ಇಳಿಸುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ತಿರುಗಿ ಮೇಲಕ್ಕೆ. ಇಲ್ಲಿ ಮಿಲ್ಕ್‌ವೀಡ್ ಅನ್ನುವ ಗಿಡ ಇದೆ, ನಮ್ಮ ಎಕ್ಕದ ನೆಂಟ. ಕಾಯಿ ಒಡೆದರೆ ಅದೇ ಬಿಳಿ ಅರಳೆ. ಜೇಬಲ್ಲಿ ಒಂದು ಕಾಯಿ ಇಟ್ಟುಕೊಂಡು ಒಂದೊಂದೇ ಎಳೆ ಹಾರಿಬಿಡಿ, ಗಾಳಿ ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಕಣ್ಣಿಗೇ ಕಾಣಿಸುತ್ತದೆ. ಸಂಜೆ ಬೇಟೆಗೆ ಜಿಂಕೆ ಬರುವ ದಾರಿ ನಿಮಗಿಂತ ಮೇಲುಗಡೆ ಇರಲಿ.

ಬಂದೂಕಿನ ಸೀಸನ್ ಬೇರೆ ಲೆಕ್ಕ. ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರಿನ ನಾಲ್ಕನೇ ಗುರುವಾರದ ಹಬ್ಬ) ಮುಂಚಿನ ಶನಿವಾರದಿಂದ ಒಂಬತ್ತು ದಿನ. ಗುರಿ 75 ಗಜದಲ್ಲಿದ್ದರೆ 25 ಅಡಿಯಿಂದಲೂ ಕೋನ 7 ಡಿಗ್ರಿಯ ಒಳಗೇ, ಅಷ್ಟು ದೂರಕ್ಕೆ ನಿಮ್ಮ ಸಣ್ಣ ಅಲುಗಾಟವೂ ಅಷ್ಟಾಗಿ ಕಾಣುವುದಿಲ್ಲ. ಆಗ ನಾನು 12 ಅಡಿಯ ಏಣಿ ಸ್ಟ್ಯಾಂಡಿಗೇ ಹೋಗುತ್ತೇನೆ. ಪೊದೆ ಮೇಲಿಂದ ಕಂಡರೆ ಸಾಕು, ಮತ್ತೆ ಗುಂಡು ಕೆಳಮುಖವಾಗಿ ಹೋಗಿ ಮಣ್ಣಿಗೆ ಬೀಳಬೇಕು, ಅಷ್ಟೇ ಅಲ್ವಾ.

ಎತ್ತರ ಯಾವುದೇ ಇರಲಿ, ಹಾರ್ನೆಸ್, ಅಂದರೆ ಬೀಳದ ಹಾಗೆ ಮೈಗೆ ಬಿಗಿದುಕೊಳ್ಳುವ ಪಟ್ಟಿ, ನೆಲದಲ್ಲೇ ಹಾಕಿಕೊಳ್ಳಿ. ಜನ ಬೀಳುವುದು ಕೂತಾಗ ಮಾತ್ರ ಅಲ್ಲ, ಹತ್ತುವಾಗ, ಇಳಿಯುವಾಗ, ಏಣಿಯಿಂದ ಸ್ಟ್ಯಾಂಡಿಗೆ ಕಾಲು ಇಡುವಾಗ. ಮರದ ಮೇಲಿಂದ ಬುಡದವರೆಗೆ ಒಂದು ಲೈಫ್‌ಲೈನ್ ಹಗ್ಗ ಬಿಟ್ಟು, ಅದರ ಗಂಟಿಗೆ ಹಾರ್ನೆಸ್ ಸಿಕ್ಕಿಸಿಕೊಂಡು, ಗಂಟನ್ನು ಮೇಲೆ ಸರಿಸುತ್ತಾ ಹತ್ತಿ. ಬಿದ್ದು ನೇತಾಡುವ ಹಾಗಾದರೆ ತೊಡೆಯ ಪಟ್ಟಿ ರಕ್ತ ಓಡಾಡಲು ಬಿಡುವುದಿಲ್ಲ, ಕಾಲು ಊರಿ ನಿಲ್ಲಲು ಒಂದು ಕುಣಿಕೆ ಪಟ್ಟಿ ಜೇಬಲ್ಲಿರಲಿ. ಬಿಲ್ಲು ಹಗ್ಗದಿಂದ ಮೇಲೆ ಎಳೆದುಕೊಳ್ಳಿ, ಬಂದೂಕಾದರೆ ಗುಂಡು ತೆಗೆದು. 12 ಅಡಿಯಿಂದ ಬಿದ್ದರೂ ಬೆನ್ನು ಮುರಿಯಬಹುದು.

ಈ ವರ್ಷವೂ ಅದೇ ಕವಲೊಡೆದ ಓಕ್. ಒಂದು ಅಡಿ ಇಳಿಸಿ 17ಕ್ಕೆ ಕಟ್ಟಬೇಕು ಅಂತಿದ್ದೇನೆ, ಗುಡ್ಡದ ಮೇಲುಗಡೆಗೆ ಚಾಚಿದ ಒಂದು ಕೊಂಬೆ ಆಗ ಸರಿಯಾಗಿ ನನ್ನ ಭುಜದ ಹಿಂದೆ ಬರುತ್ತದೆ. ಹಳೇ ಪಟ್ಟಿಗಳನ್ನು ಬಿಸಾಕಿ ಹೊಸದು ತಂದಿದ್ದೇನೆ. ಬಾಣದ ದಾರಿಗೆ ಅಡ್ಡ ಬರುವ ಎರಡು ಟೊಂಗೆ ಇವೆ, ಜಮೀನಿನವರನ್ನು ಕೇಳಿಕೊಂಡು ಆಗಸ್ಟ್‌ನಲ್ಲೇ ಕತ್ತರಿಸುತ್ತೇನೆ.